ನಾಕಕ್ಕೊಂದು

ಯಾದಗಿರಿ ಸ್ಟೇಷನ್ನಿನ ಹಿಂದ, ಅರ್ಧ ಎದ್ದ ಮನಿ.
ಭೀಮಾ ಉಸುಕು ಸಾಣಿಸಿದರ
ಜರಡಿಯೊಳಗ ಉಳಿದದ್ದು
ಬಸವನಹುಳದ ಚಿಪ್ಪು, ಹಸರು ಬಳಿಯ ಒಂದು ಚೂರು.
ಚೂರು ಸೂಗಮ್ಮನ ಸೆರಗಿನ ಗಂಟಿಗೆ.

ನಾಕು ಬುಟ್ಟಿಗೆ ಒಂದು ಸಿಮೆಂಟು.
"ಆರು ಹಾಕ್ರಿ" ಅಂದ ಮಾಲಕ, ನೆಳ್ಳಾಗ ನಿಂತು.
ಗೌಂಡಿ ಲಾಡ್ಲೆಸಾಬ ಮಾತಾಡಲಿಲ್ಲ.
ಕರಣಿ ಹಿಡಿಲೆ ಹಳೇ ಖೋಲಿಯ ಗಿಲಾವಿಗೆ ಬಡದ:
ಟೊಳ್ಳು.
ಮಾರು ದೂರ ಸರದು ಮತ್ತ ಬಡದ.
ಟೊಳ್ಳು.
ಮಾಲಕ ಚಾ ತರಲಿಕ್ಕ ಹೋದ.

ಬಣ್ಣ ಒಂದಾಗುತನ ಒಣಾದು ತಿರುವಿ
ನಡುವ ಕುಣಿ ಮಾಡಿ ನೀರು ಸುರುವಿದಳು ಸೂಗಮ್ಮ.
ಮುಷ್ಟಿ ಹಿಡದು ಬಿಟ್ಟಳು.
ಬೆರಳಚ್ಚು ಉಳೀತು, ನೀರು ಜಿನುಗಲಿಲ್ಲ.

"ಲಗೂ ಬಾ ಕಾಕಾ,
ತಾಸು ಕಳದರ ಇದು ಯಾರ ಮಾತೂ ಕೇಳಂಗಿಲ್ಲ."

ಮೊದಲ ಏಟು. ಗೋಡಿ ಹಿಡಕೊಂತು.
ಸಿಡದ ಒಂದು ಹನಿ
ಆಗಷ್ಟೇ ಬಂದ ಮಾಲಕನ ಬಸಿಯಾಗ.