ಸಂಬಂಧ ಎಂಬ ಕಾಲಮ್ಮು

ರೂವಿಯ ಎಕ್ಸ್‌ಚೇಂಜಿನಲ್ಲಿ ಗುರುವಾರ ಸಂಜೆ
ಗಂಡಸರ ಸಾಲು ಬಾಗಿಲು ದಾಟಿ ಶವರ್ಮಾ ಅಂಗಡಿಯವರೆಗೆ.
ಹೆಂಗಸರ ಸಾಲೆಂದರೆ ನಾವು ಮೂವರು:
ಆಸ್ಪತ್ರೆಯ ನೆಲ ಒರೆಸುವ ಸಿಂಹಳದ ಅಕ್ಕ,
ಯಾರದೋ ಮಗುವನ್ನು ಸೊಂಟಕ್ಕೇರಿಸಿಕೊಂಡ ಫಿಲಿಪಿನೋ ಹುಡುಗಿ,
ಮತ್ತೆ ನಾನು, ಶಮಶಾದಬಿ, ಬೆಟಗೇರಿಯವಳು,
ಉಗುರಿನ ಸಂದಿಯಲ್ಲಿ ಕಪ್ಪು ನೂಲಿನ ಧೂಳು.

ಅಬಾಯಾ ಹೊಲಿಯುತ್ತೇನೆ. ಅಂಚಿಗೆ ಮಣಿ ಕೂರಿಸುತ್ತೇನೆ.
ಪಕ್ಕದ ಮಶೀನಿನ ನಜೀಬನಿಗೆ ನೂರಾ ಐವತ್ತು ರಿಯಾಲು,
ನನಗೆ ತೊಂಬತ್ತೈದು.
ಅವನು ಕೆಡಿಸಿದ ತೋಳು ಬಿಚ್ಚಿ ಸರಿಮಾಡುವವಳು ನಾನೇ.
ಕೇಳಿದ್ದಕ್ಕೆ ಮುದೀರ್ ಅಂದ: ಅವನಿಗೆ ಸಂಸಾರ ಇದೆ.
ನನಗಿರುವುದೇನು, ಸರ್ಕಸ್ಸೇ?

ಫಾರಮ್ಮು ಬಾಯಿಪಾಠ.
ಯಾರಿಗೆ: ದಾವಲಸಾಬ.
ಸಂಬಂಧ: ಗಂಡ.
ಉದ್ದೇಶ: ಕುಟುಂಬ ನಿರ್ವಹಣೆ.
ಆರು ವರ್ಷ, ತಿಂಗಳು ತಪ್ಪದೆ,
ಆ ನಿರ್ವಹಣೆ ಒಂದು ಬುಲೆಟ್ ಗಾಡಿಯಾಯಿತು,
ಮೈದುನನ ಮದುವೆಯಾಯಿತು,
ಸರಳು ಚಾಚಿಕೊಂಡು ಅರ್ಧಕ್ಕೇ ನಿಂತ ಮೇಲ್ಮಾಳಿಗೆಯಾಯಿತು.
ಗುಲ್ನಾರಳ ಎಂಟನೇ ಇಯತ್ತೆಯ ಫೀಸು ಮಾತ್ರ
ಆಗಲಿಲ್ಲ.
‘ಹೆಣ್ಣುಹುಡುಗಿ, ಮನ್ಯಾಗ ಕುಂತು ಕಸೂತಿ ಕಲೀಲಿ’ ಅಂದರಂತೆ.
ಕಸೂತಿ ಎಷ್ಟಕ್ಕೆ ಹೋಗುತ್ತದೆಂದು
ನನ್ನನ್ನು ಕೇಳಬೇಕಿತ್ತು.

ಅವ್ವ ಮಗ್ಗಕ್ಕೆ ಕಂಡಿಕೆ ಸುತ್ತುತ್ತಿದ್ದಳು,
ನಸುಕಿನಿಂದ ದೀಪ ಹಚ್ಚುವತನಕ.
ಸೀರೆಯ ಕೂಲಿ ಅಪ್ಪನ ಹೆಸರಿಗೆ.
ಕಂಡಿಕೆಗೂ ಕೂಲಿ ಇದೆಯೆಂದು
ಯಾರಿಗೂ ಹೊಳೆದಿರಲಿಲ್ಲ. ಅವ್ವನಿಗೂ.

ಕೌಂಟರಿನಾಚೆ ಥುರಯ್ಯಾ, ಒಮಾನಿ ಹುಡುಗಿ.
ಒಮ್ಮೆ ಅರೆಬರೆ ಹಿಂದಿಯಲ್ಲಿ ಹೇಳಿದ್ದಳು:
ನಿಝ್ವಾದ ಹತ್ತಿರ ಅವಳಜ್ಜಿ ಖರ್ಜೂರ ಒಣಗಿಸುತ್ತಿದ್ದಳು,
ಸಂತೆಯೂ ಕಿಸೆಯೂ ಅಜ್ಜನವು.
ಈಗ ಇವಳ ಸಂಬಳದಲ್ಲಿ ತಮ್ಮನ ಕಾಲೇಜು.
ತಮ್ಮ ತನ್ನ ತಟ್ಟೆ ತಾನೇ ತೊಳೆಯುತ್ತಾನೆ,
ಅದನ್ನು ಹೇಳುವಾಗ ದನಿ ತಗ್ಗಿಸಿದ್ದಳು
ಮನೆಯ ಗುಟ್ಟೆಂಬಂತೆ.

ಇವತ್ತು ಬೇರೆ ಫಾರಮ್ಮು ಕೊಟ್ಟೆ.
ಹೋದ ರಜೆಯಲ್ಲಿ ಗದಗಿನಲ್ಲಿ ತೆರೆದ ಖಾತೆ.
ಪಾಸ್‌ಬುಕ್ಕು ಗುಲ್ನಾರಳ ಹಳೇ ಪಾಟಿಚೀಲದಲ್ಲಿದೆ,
ಜೂನಿಗೆ ಆ ಚೀಲಕ್ಕೆ ಪುಸ್ತಕ ಬೇಕು.
ಥುರಯ್ಯಾ ಓದಿದಳು, ತಲೆಯೆತ್ತಿದಳು:
ಕಳಿಸುವವರೂ ನೀವೇ, ಪಡೆಯುವವರೂ ನೀವೇ?
ಸಂಬಂಧ ಏನಂತ ಬರೆಯಲಿ?

ಗಾಜಿನ ತೂತಿಗೆ ಬಾಯಿ ತಂದೆ.
ಗಂಡಸರ ಸಾಲು ಕೆಮ್ಮಿತು.
ನಲವತ್ತೊಂದು ವರ್ಷ ಯಾರೂ ಕೇಳಿರದ ಪ್ರಶ್ನೆ.
ಪರಿಚಯವಿದೆ, ಅಂದೆ. ಇತ್ತೀಚೆಗೆ.

ನಕ್ಕಳು. ಸೀಲು ಒತ್ತಿದಳು. ಕಮಿಷನ್ನು ಮುರಿದುಕೊಂಡಳು.
ಅದರಲ್ಲೊಂದರಲ್ಲೇ
ಗಂಡಿಗೂ ಹೆಣ್ಣಿಗೂ ಒಂದೇ ದರ.

ಹೊರಗೆ ಬಂದರೆ ಫೋನು. ದಾವಲಸಾಬ.
ನಿಂತಿತು, ಮತ್ತೆ ಹೊಡೆದುಕೊಂಡಿತು.
ಹೇಳುತ್ತೇನೆ, ಹೇಳದೆ ಇರುವುದಿಲ್ಲ,
ಈ ಸೆಕೆ ಒಂದಿಷ್ಟು ಇಳಿಯಲಿ.
ಚಿಲ್ಲರೆ ಎಣಿಸಿದೆ, ಮುನ್ನೂರು ಬೈಸಾ ಉಳಿದಿತ್ತು.
ಶವರ್ಮಾದವನು ಕೇಳಿದ: ಎಷ್ಟು ಜನಕ್ಕೆ?