ಕುಲಗೆಟ್ಟ ಮತ

ಶಾಯಿ ಹಚ್ಚುವ ಹುಡುಗ ನನ್ನ ಬೆರಳು ಹಿಡಿದು ಹುಡುಕಿದ,
"ಎಲ್ಲಿ ಹಚ್ಚಲಕ್ಕಾ?"
ಬಳ್ಳಾರಿಯ ಕೌಲ್ ಬಜಾರಿನಲ್ಲಿ ಜೀನ್ಸ್ ಹೊಲಿಯುವವರ ಪೈಕಿ
ಯಾರ ಉಗುರು ನೀಲಿಯಿಲ್ಲ?

ಹೋದ ಸಲ ಶೇಕ್ಷಾವಲಿ ನಿಂತ, ಸುಂಕಮ್ಮನೂ ನಿಂತಳು.
ಒಂದೇ ಪ್ಯಾಂಟಿನ ಎರಡು ಕಾಲಿನ ಹಾಗೆ ಸೀಳಿಕೊಂಡೆವು.
ನಡುವೆ ನುಸುಳಿದ ಗುತ್ತಿಗೆದಾರನ ಅಳಿಯ
ಮೂರರಲ್ಲೊಂದು ಪಾಲು ಮತಕ್ಕೆ
ಮೂರೂ ಪಾಲಿನ ಅಧ್ಯಕ್ಷ.

ಈ ಸಲ ಚೀಟಿಯೇ ಬೇರೆ.
ಮುದ್ರೆ ಒತ್ತುವಂತಿಲ್ಲ, ಹೆಸರಿನ ಮುಂದೆ ಅಂಕಿ ಬರೆಯಬೇಕು.
ಕಟಿಂಗ್ ಮೇಜಿನ ಮೇಲೆ ಟೈಲರ್ ಚಾಕಿನಲ್ಲಿ
ಮೂರು ಸಂಜೆ ಬರೆದು ಅಳಿಸಿದರು ವಂಡ್ರಪ್ಪ ಮೇಷ್ಟ್ರು.
"ಅಂದ್ರ ಸೋತೋರ ಓಟು ಸಾಯಂಗಿಲ್ಲೇನ್ರಿ?" ಮಾಬುನ್ನಿ ಕೇಳಿದಳು.
"ಸಾಯಂಗಿಲ್ಲವ್ವಾ. ಕೈ ಬದಲಾಗ್ತೈತಿ."

ಶೇಕ್ಷಾವಲಿ ಅನ್ನುತ್ತಾನೆ:
"ನನ್ನ ಮಿಷಿನ್ನು, ನನ್ನ ದಾರ, ನನ್ನ ರೇಟು.
ನಡುರಾತ್ರಿ ಹೊಲೀತೀನಿ, ಮಧ್ಯಾಹ್ನ ಮಲಗ್ತೀನಿ,
ಕೇಳಾಕ ಯಾರು?"
ಅವನ ಮಾತಿಗೆ ನನ್ನ ಬೆನ್ನು ನೆಟ್ಟಗಾಗುತ್ತದೆ.
ಮಾವನ ಅಂಗಡಿಯಲ್ಲಿ ಹನ್ನೊಂದು ವರ್ಷ ಕಾಜ ಹೊಲಿದವಳು,
ಬಾಯಿಬಿಟ್ಟು ಕೂಲಿ ಕೇಳದವಳು.
ಸ್ವಂತ ಮಿಷಿನ್ನಿನ ಕೊನೇ ಕಂತು ಕಟ್ಟಿದ ರಾತ್ರಿ
ಬಟ್ಟೆಯಿಲ್ಲದೆ, ದಾರವಿಲ್ಲದೆ
ಅದರ ಚಕ್ರ ಸುಮ್ಮನೆ ತಿರುಗಿಸಿದ್ದೆ.

ಸುಂಕಮ್ಮ ಡಬ್ಬಿ ಅಲ್ಲಾಡಿಸುತ್ತಾಳೆ: ಪ್ಯಾಂಟಿಗೊಂದು ರೂಪಾಯಿ,
ಕಣ್ಣಿಗೆ, ಬಾಣಂತನಕ್ಕೆ, ಕೆಲಸವಿಲ್ಲದ ವಾರಕ್ಕೆ.
"ಹೆಸರಿನಾಗ ಸುಂಕ ಐತಿ, ಬಿಡ್ತಾಳೇನು?" ನಗುತ್ತಾನೆ ಶೇಕ್ಷಾವಲಿ.
ಆಷಾಢದಲ್ಲಿ ಸೂಜಿ ನನ್ನ ತೋರುಬೆರಳೊಳಗೆ ಮುರಿದಾಗ
ದೊಡ್ಡಾಸ್ಪತ್ರೆಯ ಕಿಂಡಿಯಲ್ಲಿ ದುಡ್ಡು ಎಣಿಸಿದ್ದು ಆ ಡಬ್ಬಿ.
ಯಾರ ರೂಪಾಯಿ ಅಂತ ನಾನು ಕೇಳಲಿಲ್ಲ.
ನೀನೆಷ್ಟು ಹಾಕಿದ್ದೆ ಅಂತ
ನನ್ನನ್ನೂ ಯಾರೂ ಕೇಳಲಿಲ್ಲ.

ರಟ್ಟಿನ ಮರೆಯಲ್ಲಿ ಪೆನ್ನು ಹಿಡಿದು ನಿಂತೆ.
ಹೊರಗೆ ವಾಷಿಂಗ್ ಯೂನಿಟ್ಟಿನ ನೀಲಿ ನೀರು ಚರಂಡಿಗಿಳಿಯುತ್ತಿತ್ತು.
ಹಿಂದಿನವರು ಕೆಮ್ಮಿದರು.
ಬರೆದೆ.

ಎಣಿಕೆಯಲ್ಲಿ ಅಳಿಯನೇ ಮುಂದೆ.
ಶೇಕ್ಷಾವಲಿ ಬಿದ್ದ; ಅವನ ಚೀಟಿಗಳು ಒಂದೊಂದಾಗಿ ಎದ್ದು
ಸುಂಕಮ್ಮನ ಗುಡ್ಡೆಯ ಕಡೆ ನಡೆದವು.
ಹನ್ನೊಂದರಿಂದ ಗೆದ್ದಳು.
ಅವನೇ ಬಂದು ಡಬ್ಬಿಗೆ ರೂಪಾಯಿ ಹಾಕಿದ:
"ಬ್ಯಾಡ ಅನ್ಸಿದ ದಿನ ತಗೊಂಡು ಹೋಗ್ತೀನಿ, ಬರ್ಕೋ."
"ಬರ್ಕೊಂಡೀನಿ," ಅಂದಳು. ನಿಜವಾಗಿಯೂ ಬರೆದುಕೊಂಡಳು.

ಉಳಿದ ಒಂದು ಚೀಟಿಯನ್ನು ಮೇಷ್ಟ್ರು ಬಲ್ಬಿಗೆ ಹಿಡಿದರು.
ಇಬ್ಬರ ಮುಂದೆಯೂ ಒಂದು.
"ಕುಲಗೆಟ್ಟ ಮತ," ಎಂದು ಬದಿಗಿಟ್ಟರು.
ಮೂಲೆಯಲ್ಲಿ ನೀಲಿ ಹೆಬ್ಬೆಟ್ಟಿನ ಗುರುತು.
ಯಾರದಿದು ಅಂತ ಎಲ್ಲರೂ ತಮ್ಮ ತಮ್ಮ ಬೆರಳು ನೋಡಿಕೊಂಡರು,
ನಾನೂ ನೋಡಿಕೊಂಡೆ.