ಬುಧವಾರದ ಗಾಡಿ

ನನ್ನಪ್ಪ ಈನಾಕ್ ಪಾರ್ಡೋಗೆ ಓದು ಬರೆಹ ಬಾರದು.
ಹೋಪ್‌ಲೋ ಹಳ್ಳಿಯಿಂದ ಕ್ಲನ್‌ಬ್ರಿಜ್ ಪೇಟೆಗೆ ಏಳು ಮೈಲಿ,
ಬುಧವಾರ ಬುಧವಾರ ಗಾಡಿ ಹೊಡೆಯುತ್ತಿದ್ದ,
ಊರಿನ ಬೇಕುಗಳನ್ನೆಲ್ಲ
ಕೋಟಿನ ಗುಂಡಿಗಳಿಗೆ ಒಪ್ಪಿಸಿ.

ಮೇಲಿನದು: ಪಾದ್ರಿಯ ಮನೆಗೆ ಅರ್ಧ ಪೌಂಡು ಚಹಾಪುಡಿ.
ಎರಡನೆಯದು: ಮುದುಕ ಜೇಬೆಜ್‌ನ ಕನ್ನಡಕಕ್ಕೆ ಒಂದು ಕಾಲು.
ಮೂರನೆಯ ಗುಂಡಿ ಕಿತ್ತುಹೋಗಿ ವರ್ಷವಾಗಿತ್ತು;
ಉಳಿದ ದಾರದ ತುದಿಗೇ
ಕಮ್ಮಾರನ ಹೆಂಡತಿಯ ಸೀಮೆಎಣ್ಣೆ.
ತೋಳಿನ ಗುಂಡಿಗಳು ಸಾಲದ ಬಾಬ್ತು,
ಅವುಗಳ ಹೆಸರು ನನಗೂ ಹೇಳಲಿಲ್ಲ.

ನಮ್ಮ ಹೆಣ್ಣುಕುದುರೆ ಡಚೆಸ್‌ಗೆ
ಪ್ರತಿ ಗೇಟೂ ಗೊತ್ತು.
ತೀರಿಹೋದವರ ಗೇಟಿನ ಮುಂದೆಯೂ ನಿಂತುಬಿಡುತ್ತಿತ್ತು.
ಅಪ್ಪ ಗದರುತ್ತಿರಲಿಲ್ಲ.
ಟೋಪಿ ತೆಗೆದು, ತಲೆ ಕೆರೆದುಕೊಂಡು, ಮತ್ತೆ ಇಟ್ಟುಕೊಂಡು,
ನಡಿಯಮ್ಮ, ಆಯ್ತಲ್ಲ, ಅನ್ನುತ್ತಿದ್ದ.

ಪೇಟೆ ಮೊದಲು ಬರುತ್ತಿದ್ದುದು ಮೂಗಿಗೆ:
ಒದ್ದೆ ಉಣ್ಣೆ, ಹಂದಿ, ಹುಳಿ ಬಂದ ಸೇಬು, ಕಲ್ಲಿದ್ದಲ ಹೊಗೆ.
ಆಮೇಲೆ ಕಿವಿಗೆ. ಪಿಂಗಾಣಿ ಮಾರುವವನು
ಆರು ತಟ್ಟೆ ಒಟ್ಟಿಗೆ ಮೇಲೆ ಎಸೆದು ಹಿಡಿಯುವಾಗ
ಇಡೀ ಬೀದಿ ಉಸಿರು ಕಟ್ಟುತ್ತಿತ್ತು,
ಒಂದಾದರೂ ಒಡೆಯಲಿ ಎಂದು.
ಕಲ್ಲುಕಂಬಗಳ ನಡುವೆ ಬೆಣ್ಣೆಯ ಹೆಂಗಸರು,
ಒಬ್ಬೊಬ್ಬರ ಮುದ್ದೆಯ ಮೇಲೆ ಒಂದೊಂದು ಅಚ್ಚು,
ನಮ್ಮೂರಿನದು ಹಂಸ,
ಅಚ್ಚು ಸವೆದು ಬಾತುಕೋಳಿಯಾಗಿತ್ತು.
ತಲೆಯ ಮೇಲಿನ ಗಡಿಯಾರಕ್ಕೆ ಒಂದೇ ಮುಳ್ಳು.
ನಿಮಿಷಗಳ ಉಸಾಬರಿ ನಮಗಿರಲಿಲ್ಲ.

ಇಷ್ಟನ್ನು ಮಾತ್ರ ನೆನೆದು ಸುಮ್ಮನಾಗಬಹುದಿತ್ತು.

ಆದರೆ ಹದಿನಾರನೆಯ ಇಸವಿಯ ಚಳಿಗಾಲ,
ಹೆಸ್ಬಾ ಗಿಟ್ಟಿನ್ಸ್‌ಗೆ ಸರ್ಕಾರದ ಕಾಗದ ಬಂತು.
ಅವಳ ಹೊಸ್ತಿಲಲ್ಲಿ ನಿಂತು ಓದಿದವಳು ನಾನೇ,
ಒಂಬತ್ತು ವರ್ಷದವಳು, ತಪ್ಪಿಲ್ಲದೆ ಓದುವ ಹೆಮ್ಮೆಯಲ್ಲಿ:
ಆಲ್ಬನ್ ಗಿಟ್ಟಿನ್ಸ್, ಸಿಪಾಯಿ, ಕಾಣೆಯಾಗಿದ್ದಾನೆ.
ಅವಳು ಕೈ ಒರೆಸಿಕೊಂಡು ಆರು ಪೆನ್ಸ್ ತಂದಳು.
ನಾಲ್ಕು ಗಜ ಕಪ್ಪು ರಿಬ್ಬನ್ನು, ಈನಾಕ್, ಅಗಲದ್ದು.

ಆ ಬುಧವಾರ ಅಪ್ಪ ಅಂಗಡಿಯ ಮುಂದೆಯೇ ಹಾದುಹೋದ.
ಸಿಗಲಿಲ್ಲ ಹೆಸ್ಬಾ, ಮುಗಿದುಹೋಗಿದೆ.
ಮರುವಾರ: ಲಂಡನ್ನಿನಿಂದಲೇ ಬಂದಿಲ್ಲವಂತೆ.
ಅದರ ಮರುವಾರ: ನೀಲಿ ಇದೆ, ಕಪ್ಪಿಲ್ಲ.
ನಾನು ಕಂಡಿದ್ದೆ, ಕಿಟಕಿಯ ತುಂಬ ಕಪ್ಪು ರಿಬ್ಬನ್ನು,
ಆ ವರ್ಷ ಬೇರೇನು ಮಾರುತ್ತಿದ್ದರು?
ಕೇಳಿದರೆ, ಕಾಣೆ ಅಂದರೆ ಕಾಣೆ ಕಣೇ, ಅಂದ,
ಲಗಾಮು ನೋಡುತ್ತ.

ನಾಲ್ಕನೆಯ ವಾರ ನಾವು ಹಿಂತಿರುಗುವಾಗ
ಎದುರಿಗೆ ಅವಳು, ಹಿಮದಲ್ಲಿ, ನಡೆದುಕೊಂಡು.
ಡಚೆಸ್ ತಾನಾಗಿಯೇ ನಿಂತಿತು.
ಹೆಸ್ಬಾ ಗಾಡಿ ಹತ್ತಲಿಲ್ಲ.
ಪೇಟೆಗೆ ಹೋಗಿ ಬಂದಳು, ರಾತ್ರಿ ನಮ್ಮ ಬಾಗಿಲು ತಟ್ಟಿದಳು,
ತೋಳಿಗೆ ರಿಬ್ಬನ್ನು ಸುತ್ತಿತ್ತು.
ಬೈಯುತ್ತಾಳೆ ಅಂದುಕೊಂಡೆ.
ಕೋಟು ಕೊಡು, ಅಂದಳು.
ಒಲೆಯ ಬಳಿ ಕೂತು ಮೂರನೆಯ ಗುಂಡಿ ಹೊಲಿದಳು,
ಕಪ್ಪು ದಾರದಲ್ಲಿ, ಹಲ್ಲಿನಿಂದ ಕತ್ತರಿಸಿ,
ಚಹಾ ಬೇಡವೆಂದು ಹೊರಟುಹೋದಳು.

ಈಗ ದನದ ಕಟ್ಟೆಯ ಮೇಲೆ ಕಾರುಗಳು ನಿಲ್ಲುತ್ತವೆ.
ಗಡಿಯಾರಕ್ಕೆ ಎರಡನೆಯ ಮುಳ್ಳು ಹಾಕಿಸಿದ್ದಾರೆ.
ನಾನು ಬಸ್ಸಿನಲ್ಲಿ ಹೋಗುತ್ತೇನೆ, ಬುಧವಾರವೇ,
ಚೀಟಿ ಬರೆದುಕೊಂಡು, ಚೀಟಿಯನ್ನು ಮನೆಯಲ್ಲಿ ಮರೆತು.

ಅಪ್ಪ ಆ ಗುಂಡಿಗೆ ಮತ್ತೆ ಯಾರ ಕೆಲಸವನ್ನೂ ಹಚ್ಚಲಿಲ್ಲ.
ಜಾಗ ತಪ್ಪಿದ ಸೀಮೆಎಣ್ಣೆ
ಮೂರು ವಾರ ಮರೆತೇಹೋಯಿತು;
ಕಮ್ಮಾರನ ಹೆಂಡತಿ ಕತ್ತಲಲ್ಲಿ ಕೂತು
ಊರಿಗೆಲ್ಲ ಕೇಳುವಂತೆ ಬೈದಳು.